ಮಖಮಲ್ಲಿನ ಹಾಸಿಗೆ

ಕುಂದಾಪುರದ ಫೋಟೋಗ್ರಾಫರ್ ವಾಮನ ಶೇರಿಗಾರರ ಮನೆಯಲ್ಲಿ ಒಂದು ಹಳೇ ಲೆನ್ಸ್ ಇತ್ತು. ಅದರ ವಾಸ ಬಿಗಿ ಮುಚ್ಚಳದ ಹಪ್ಪಳದ ಡಬ್ಬಿಯಲ್ಲಿ. ಜೊತೆಗೆ ತೇವ ಹೀರುವ ಒಂದು ಸಿಲಿಕಾ ಪೊಟ್ಟಣ. ಆಮೇಲೆ ಮನೆಗೆ ಬಂದ ಹೊಸ ಲೆನ್ಸಿಗೆ ಮಾತ್ರ ಮಖಮಲ್ಲು ಹಾಸಿದ ಚರ್ಮದ ಪೆಟ್ಟಿಗೆ ಸಿಕ್ಕಿತು. ಹಳೇ ಲೆನ್ಸಿನ ಹೊಟ್ಟೆ ಉರಿದುಹೋಯಿತು.

"ಊರಿನ ಮದುವೆಗಳನ್ನೆಲ್ಲ ತೆಗೆದವನು ನಾನು. ನಿನ್ನೆ ಬಂದವನಿಗೆ ಮೆತ್ತನೆ ಹಾಸಿಗೆ, ನನಗೆ ಹಪ್ಪಳದ ಡಬ್ಬಿ!"

"ಅಣ್ಣಾ, ಮಳೆಗಾಲ ಬರುತ್ತಿದೆ," ಎಂದಿತು ಪೊಟ್ಟಣ. "ಚರ್ಮವೂ ಮಖಮಲ್ಲೂ ತೇವ ಕುಡಿಯುತ್ತವೆ. ತೇವ ಇದ್ದಲ್ಲಿ ಬೂಷ್ಟು. ಇಲ್ಲೇ ಇರು."

"ಓಹೋ, ನೀನೂ ಅವನ ಪರವೋ?"

ಒಂದು ದಿನ ಶೇರಿಗಾರರು ಎರಡನ್ನೂ ಒರೆಸಿ ಮೇಜಿನ ಮೇಲಿಟ್ಟು ಊಟಕ್ಕೆದ್ದರು. ಹಳೇ ಲೆನ್ಸ್ ಉರುಳಿಕೊಂಡು ಹೋಗಿ ಪಕ್ಕದಲ್ಲಿ ತೆರೆದಿದ್ದ ಪೆಟ್ಟಿಗೆಯ ಮಖಮಲ್ಲಿನ ಮೇಲೆ ಮಲಗಿಬಿಟ್ಟಿತು. ತಿರುಗಿ ಬಂದ ಶೇರಿಗಾರರು ನಕ್ಕು, "ಆಗಲಿ ಮಾರಾಯ, ದುಡಿದವನು ನೀನು," ಎಂದು ಪೆಟ್ಟಿಗೆ ಮುಚ್ಚಿದರು. ಹೊಸದು ಡಬ್ಬಿ ಸೇರಿತು.

ಮಳೆ ಮುಗಿದು ಆಯುಧಪೂಜೆ ಬಂತು. ಡಬ್ಬಿ ತೆರೆದರೆ ಹೊಸ ಲೆನ್ಸ್ ಫಳಫಳ ಹೊಳೆಯುತ್ತಿತ್ತು. ಚರ್ಮದ ಪೆಟ್ಟಿಗೆ ತೆರೆದರೆ, ಹಳೆಯದರ ಗಾಜಿನೊಳಗೆಲ್ಲ ಬಿಳಿ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಶೇರಿಗಾರರು ನಿಟ್ಟುಸಿರು ಬಿಟ್ಟು, ಎರಡಕ್ಕೂ ಕುಂಕುಮವಿಟ್ಟು ಒಂದೊಂದು ಸೇವಂತಿಗೆ ಏರಿಸಿದರು.

ಹಳೇ ಲೆನ್ಸಿಗೆ ಏನೂ ಕಾಣುತ್ತಿರಲಿಲ್ಲ. ಅದು ಮೆಲ್ಲಗೆ ಪೊಟ್ಟಣವನ್ನು ಕೇಳಿತು:

"ಅವನಿಗಿಟ್ಟ ಹೂವು ನನ್ನದಕ್ಕಿಂತ ದೊಡ್ಡದೋ?"