ಸಾವಕಾರರ ಖಾನೆಯ ಸಾಕೆಟ್ ಸೆಟ್

ಹುಬ್ಬಳ್ಳಿಯ ದರ್ಜಿ ಚೆನ್ನವ್ವನ ಮನೆಯಲ್ಲಿ ನೀರಿನ ಪಂಪು ಕೆಟ್ಟು ನಿಂತಿತ್ತು. ಅದನ್ನು ಬಿಚ್ಚಲು ಹೋದ ತಿಂಗಳು ತಂದ, ನಟ್ಟು ತಿರುಗಿಸುವ ಸಾಕೆಟ್ ಸೆಟ್ಟು ಮೊದಲ ನಟ್ಟಿಗೇ ಸೀಳಿಹೋಗಿತ್ತು. ಇನ್ನೊಮ್ಮೆ ಮೋಸಹೋಗುವಷ್ಟು ದುಡ್ಡು ಅವಳಲ್ಲಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯ ಈರಪ್ಪ ಸಾವಕಾರರು ಹೊಸ ಸೆಟ್ಟು ಕೇಳಿ ಬಂದ ಅವಳ ಮುಂದೆ ಫಳಫಳ ಹೊಳೆಯುವ ದೊಡ್ಡ ಪೆಟ್ಟಿಗೆ ತೆರೆದರು. "ನೂರೆಂಟು ಸಾಮಾನು ಅದಾವು. ಇದಕ್ಕಿಂತ ಗಟ್ಟಿ ಊರಾಗ ಇಲ್ಲ. ಹೆಣ್ಮಕ್ಕಳಿಗೆ ಇದೆಲ್ಲ ತಿಳಿಯೂದಿಲ್ಲ, ಸುಮ್ನ ತಗೊಂಡ್ಹೋಗವಾ."

"ಆತ್ರಿ. ಮೊದಲ ನನ್ನ ಸ್ಕೂಟರಿಂದ ಒಂದು ನಟ್ ಬಿಚ್ಚಿ ಕೊಡ್ರಿ, ತುಕ್ಕು ಹಿಡದೈತಿ."

ವ್ಯಾಪಾರ ಕುದುರಿತೆಂಬ ಖುಷಿಯಲ್ಲಿ ಸಾವಕಾರರು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಿಂದ ಎಣ್ಣೆ ಮೆತ್ತಿದ ಸಣ್ಣ ಸೆಟ್ಟೊಂದನ್ನು ತೆಗೆದು ಹೊರಗೆ ಬಂದರು. ನಟ್ಟು ಒಂದೇ ಪಟ್ಟಿಗೆ ಸಡಿಲಾಯಿತು.

"ಇದನ್ನ ತಗೊಂಡು ಎಷ್ಟು ವರ್ಷಾತ್ರಿ?"

"ಎಂಟು! ಒಂದು ಸಾಕೆಟ್ಟೂ ಸವದಿಲ್ಲ."

"ಹಂಗಾದ್ರ ನನಗ ಇಂಥಾದ್ದ ಹೊಸಾದು ಕೊಡ್ರಿ."

ಸಾವಕಾರರ ಮುಖ ಸಣ್ಣದಾಯಿತು. "ಅದು ಅಗ್ಗದ್ದವಾ, ಸಾದಾ ಮಾಲು."

"ನಮ್ಮ ಪಂಪೂ ಸಾದಾನ ಐತ್ರಿ."

ಅಂಗಡಿಯ ಕಟ್ಟೆಯ ಬಳಿ ನಿಂತು ಎಲ್ಲ ನೋಡುತ್ತಿದ್ದ ಗಿರಾಕಿಯೊಬ್ಬ ತಾನು ಆಗಲೇ ಕಟ್ಟಿಸಿಕೊಂಡಿದ್ದ ಅಂಥದ್ದೇ ದೊಡ್ಡ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.

"ಸಾವಕಾರ್ರ, ನನಗೂ ಅಕ್ಕಾರಿಗೆ ಕೊಡೂದನ್ನ ಕೊಡ್ರಿ."