ಸಾಗರದುರ್ಗೆಗೆ ಬರೆದ ಶಾಸನ

"ಕೇಳಿರಯ್ಯಾ ಕೇಳಿ! ಅರಸರ ಯುದ್ಧದ ಹಡಗು ಸಾಗರದುರ್ಗೆ ಹಳತಾಯಿತು. ಹುಣ್ಣಿಮೆ ಕಳೆದರೆ ಅದನ್ನು ಒಡೆದು ಸೌದೆ ಮಾಡಲಾಗುವುದು. ಬೇಕೆನ್ನುವವರು ಮೂರು ಒಗಟು ಬಿಡಿಸಿದರೆ, ಅವರು ಹೇಳಿದಂತೆ ಹಡಗಿಗೆ ಶಾಸನ ಬರೆಯಲಾಗುವುದು. ತಪ್ಪಿದರೆ ತಲೆದಂಡ!"

ಕಡಲಕೋಟೆಯ ಬೀದಿಯಲ್ಲಿ ಬೀರ ಈ ಡಂಗುರ ಕೇಳಿದ. ಅವನು ಆ ಹಡಗಿನ ತಳದಲ್ಲಿ ಸೋರಿದ ನೀರು ಮೊಗೆದು ಚೆಲ್ಲುವ ಆಳು. ಹನ್ನೆರಡು ವರ್ಷದ ಹಿಂದೆ ಅವನಪ್ಪನೂ ನಲವತ್ತು ಮಂದಿಯೂ ಆ ಹಡಗಿನ ಮೇಲೆ ಕಾದಾಡಿ ಕಡಲುಪಾಲಾಗಿದ್ದರು. ಹೆಣಗಳೂ ಸಿಗಲಿಲ್ಲ. ಕಾಳಗಕ್ಕೆ ಮುಂಚೆ ಅವರು ತಳದ ಹಲಗೆಯಲ್ಲಿ ಕೊರೆದಿಟ್ಟ ಹೆಸರುಗಳಷ್ಟೇ ಉಳಿದಿದ್ದವು.

ಮೊದಲು ಹೋದವನು ಮರದ ವ್ಯಾಪಾರಿ ಸಿಂಗಣ್ಣ. ಹಡಗಿನ ತೇಗದ ಮೇಲೆ ಅವನ ಕಣ್ಣು.

"ಫಿರಂಗಿಯ ಗುಂಡಿಗೂ ಜಗ್ಗದ ಕೋಟೆಯನ್ನು ಸದ್ದಿಲ್ಲದ ಬಾಯಿಯೊಂದು ತಿಂದು ಮುಗಿಸಿತು. ಅದು ಯಾರ ಬಾಯಿ?" ಎಂದ ಅರಸ.

"ಬೆಂಕಿಯದು" ಎಂದ ಸಿಂಗಣ್ಣ. ಸಂಜೆಯೊಳಗೆ ಅವನ ತಲೆ ಕೋಟೆಬಾಗಿಲ ಮೇಲಿತ್ತು. ವಿಹಾರದ ದೋಣಿ ಬೇಕೆಂದು ಬಂದ ಸಾಮಂತ ಕಾಮರಸ "ಕಾಲದ್ದು" ಎಂದ. ಮರುದಿನ ಅವನದೂ ಅಲ್ಲಿಗೇ ಬಂತು.

"ಹೋಗಬೇಡ ಮಗಾ, ಒಬ್ಬನನ್ನು ಕಳಕೊಂಡಿದ್ದು ಸಾಲದೇ?" ಎಂದು ತಾಯಿ ಕೈ ಹಿಡಿದಳು.

"ಆ ಹಲಗೆಯೂ ಒಲೆಗೆ ಹೋದರೆ ಅಪ್ಪ ಇದ್ದನೆಂಬುದಕ್ಕೆ ಗುರುತೇ ಇಲ್ಲವಲ್ಲವ್ವಾ" ಎಂದು ಬೀರ ಕೈ ಬಿಡಿಸಿಕೊಂಡ. ಗೆಲ್ಲುವ ಆಸೆ ಅವನಿಗಿರಲಿಲ್ಲ.

ಅರಸ ಅದೇ ಒಗಟು ಕೇಳಿದ.

"ಮರ ಕೊರೆಯುವ ಹುಳುವಿನ ಬಾಯಿ, ಒಡೆಯಾ. ಗುಂಡು ತಡೆದ ಹಡಗನ್ನು ಅದು ಒಳಗಿಂದ ತಿಂದಿದೆ. ಅದು ಮಾಡಿದ ತೂತಿನ ನೀರನ್ನೇ ನಾನು ದಿನಾ ಮೊಗೆಯುವುದು."

"ಸಾವಿರ ಜನ ನಡೆದರೂ ಒಂದು ಹೆಜ್ಜೆಯೂ ಮೂಡದ ದಾರಿ ಯಾವುದು?"

"ಕಡಲು. ನನ್ನಪ್ಪ ಹೋದ ದಾರಿ. ವರ್ಷಗಟ್ಟಲೆ ದಡದಲ್ಲಿ ನಿಂತು ನೋಡಿದ್ದೇನೆ, ಒಂದು ಗುರುತೂ ಕಾಣಲಿಲ್ಲ."

ಅರಸನ ದನಿ ತಗ್ಗಿತು. "ಕೊಟ್ಟ ಮೇಲೂ ಕೊಟ್ಟವನೇ ಉಳಿಸಿಕೊಳ್ಳಬೇಕಾದದ್ದು ಯಾವುದು?"

ಬೀರನಿಗೆ ಏನೂ ಹೊಳೆಯಲಿಲ್ಲ. ಕೊಟ್ಟ ಮೇಲೆ ಉಳಿಯುವುದೇನು? ತಳವಾರ ಕತ್ತಿ ಹಿಡಿದು ಹತ್ತಿರ ಬಂದ. ಎಲ್ಲ ಮುಗಿಯಿತೆಂದು ಬೀರ ತಲೆಯೆತ್ತಿ, ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟ:

"ನನಗೆ ತಿಳಿಯದು ಒಡೆಯಾ. ಸಾಯುವವನಿಗೆ ಹೆದರಿಕೆ ಎಂಥದು? ಅಂದು ಹಡಗು ಹತ್ತುವವರಿಗೆ 'ನಿಮ್ಮನ್ನು ಮರೆಯುವುದಿಲ್ಲ' ಎಂದು ನೀವು ಮಾತು ಕೊಟ್ಟಿರಿ. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ…"

ಅಲ್ಲಿಗೆ ಬೀರ ತಡೆದ.

"ಮಾತು" ಎಂದ ಮೆಲ್ಲಗೆ. "ಅದು ಮಾತು, ಒಡೆಯಾ."

ಅರಸ ಮುಖ ಮುಚ್ಚಿಕೊಂಡ. "ಆ ಹಡಗು ಕಂಡಾಗಲೆಲ್ಲ ಈ ಒಗಟು ನನ್ನನ್ನೇ ಕೇಳುತ್ತಿತ್ತು. ಅದಕ್ಕೇ ಒಡೆಸಲು ಹೊರಟೆ" ಎಂದ.

ಅಂದೇ ಬೀರ ಹೇಳಿದಂತೆ ಶಾಸನ ಬರೆಸಿದರು: ಸಾಗರದುರ್ಗೆ ಇನ್ನು ಅರಸನದಲ್ಲ, ಅದನ್ನಿಟ್ಟು ಜನರಿಗೆ ತೋರಿಸಲು ದಡದಲ್ಲಿ ಕಟ್ಟುವ ವಸ್ತುಸಂಗ್ರಹಶಾಲೆಯದು. ಮುಂದೆ ಯಾವ ಅರಸನೂ ಅದನ್ನು ಮಾರಕೂಡದು, ಒಡೆಯಕೂಡದು. ಬೀರನೇ ಅದರ ಕಾವಲುಗಾರ.

"ಇನ್ನೇನು ಬೇಕು?" ಎಂದ ಅರಸ.

"ಬಾಗಿಲ ಮೇಲಿನ ಎರಡು ತಲೆ ಇಳಿಸಿ, ಮನೆಯವರಿಗೆ ಕೊಡಿ."

ಹಡಗನ್ನು ದಡಕ್ಕೆಳೆದು ಸೂರು ಕಟ್ಟಿದರು. ಬಾಗಿಲು ತೆರೆದ ದಿನ ಮೊದಲು ಬಂದವಳು ಸಿಂಗಣ್ಣನ ಹೆಂಡತಿ. ಗಂಡನ ಜೀವ ತೆಗೆದ ಹಡಗು ಹೇಗಿದೆಯೋ ನೋಡಬೇಕು ಎಂದಳು. ಬೀರ ಅವಳನ್ನು ಒಳಗೆ ಬಿಟ್ಟು ಬಾಗಿಲು ಮುಂದೆಳೆದ. ಅವಳ ಅಳು ನಿಲ್ಲುವ ತನಕ ಬೇರೆ ಯಾರನ್ನೂ ಒಳಗೆ ಬಿಡದೆ ಹೊಸ್ತಿಲಲ್ಲೇ ನಿಂತಿದ್ದ.