ಕಂಟಿಗೆ ಸಿಕ್ಕ ಒಳ್ಳೆಯ ಹೆಸರು

ಒಂದು ಕಾಡಿನಲ್ಲಿ, ಬಂಡೆಯ ಬುಡದ ಬಿಲದಲ್ಲಿ, ಕಂಟಿ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಂದಿಗೆ ವಾಸವಾಗಿದ್ದಳು. ಅವಳ ಮುಳ್ಳಿಗೆ ಹೆದರಿ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಯಾರ ಬಾಯಲ್ಲಾದರೂ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕೆಂದು ಅವಳಿಗೆ ಬಹಳ ಆಸೆ.

ಮಳೆ ಹಿಡಿದ ಒಂದು ದಿನ ನರಿಯಪ್ಪ ತೊಯ್ದು ತೊಪ್ಪೆಯಾಗಿ ಬಂದು ಬಿಲದ ಬಾಯಲ್ಲಿ ನಿಂತ.

"ಕಂಟಕ್ಕ, ನಿನ್ನಂಥ ಗುಣವಂತೆ ಈ ಕಾಡಲ್ಲಿ ಇನ್ನೊಬ್ಬಳಿಲ್ಲ. ಮಳೆ ನಿಲ್ಲೋ ತನಕ ಒಂದು ಮೂಲೆ ಕೊಡು" ಎಂದ.

ಗುಣವಂತೆ ಎಂಬ ಮಾತು ಅವಳ ಕಿವಿಗೆ ಜೇನಿನ ಹಾಗೆ ಇಳಿಯಿತು. ಸರಿದು ಜಾಗ ಕೊಟ್ಟಳು.

ಮಳೆ ನಿಂತಿತು. ನರಿಯಪ್ಪ ಹೋಗಲಿಲ್ಲ. ಅವಳು ಅಗೆದು ತಂದ ಗೆಣಸನ್ನು ತಾನೇ ಮೊದಲು ತಿಂದ. "ಗುಣವಂತರು ಅತಿಥಿ ಉಂಡ ಮೇಲೆ ಉಣ್ತಾರೆ" ಎಂದ. ಮುಳ್ಳು ತಗುಲಿದಾಗ, "ಗುಣವಂತರು ಮುಳ್ಳು ಎತ್ತೋದಿಲ್ಲ ಅಕ್ಕ" ಎಂದ. ಕಂಟಿ ಅರೆಹೊಟ್ಟೆಯಲ್ಲಿ ಮಲಗಿದಳು. ಮುಳ್ಳು ಮಡಚಿಕೊಂಡಿರುವುದನ್ನು ತಾನೂ ಕಲಿತಳು, ಮರಿಗಳಿಗೂ ಕಲಿಸಿದಳು. ನರಿಯಪ್ಪನ ಮಾತು ಕೇಳಿ ಕಾಡಿನವರೂ ಅವಳನ್ನು ಗುಣವಂತೆ ಎನ್ನತೊಡಗಿದರು.

ಒಂದು ಸಂಜೆ ಅವಳು ಮನೆಗೆ ಬಂದಾಗ ಚಿಕ್ಕ ಮರಿ ಇರಲಿಲ್ಲ. ನೆಲದ ಮೇಲೆ ಎಳೆಯ ಮುಳ್ಳುಗಳು ಚೆಲ್ಲಿದ್ದವು. ದೊಡ್ಡ ಮರಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು.

"ನನ್ನ ಮಗು ಎಲ್ಲಿ?"

ನರಿಯಪ್ಪ ಬಾಯಿ ನೆಕ್ಕಿಕೊಂಡ. "ಹಸಿವು ತಡೆಯಲಾಗಲಿಲ್ಲ ಅಕ್ಕ, ತಪ್ಪಾಯಿತು. ನೀನು ಗುಣವಂತೆ. ಕ್ಷಮಿಸ್ತೀಯ."

ಕಂಟಿ ಉಳಿದ ಮರಿಯನ್ನು ಕರೆದುಕೊಂಡು ಕಾಡಿನ ಹಿರಿಯ ಕಡವೆಯಜ್ಜನ ಬಳಿ ನ್ಯಾಯ ಕೇಳಲು ಹೋದಳು.

ಕಡವೆಯಜ್ಜ ಮೆಲುಕು ಹಾಕುತ್ತಲೇ ಹೇಳಿದ. "ತಪ್ಪಾಯಿತು ಅಂದಿದ್ದಾನಲ್ಲ ತಾಯಿ. ಗುಣವಂತೆ ಅನ್ನಿಸಿಕೊಂಡವಳು ಹಟ ಹಿಡೀಬಾರದು."

"ಗುಣ ಅಂದರೇನಜ್ಜ?"

"ಸಹಿಸಿಕೊಳ್ಳೋದು."

"ಅದನ್ನು ನರಿಯಪ್ಪನಿಗೆ ಯಾವತ್ತಾದರೂ ಹೇಳಿದ್ದೀರಾ?"

ಅಜ್ಜ ಮುಖ ತಿರುಗಿಸಿ ಹುಲ್ಲಿಗೆ ಬಾಯಿ ಹಾಕಿದ.

ಕಂಟಿ ಮರಿಯನ್ನು ಬಿದಿರುಮೆಳೆಯಲ್ಲಿ ಅಡಗಿಸಿಟ್ಟು ಒಬ್ಬಳೇ ಬಿಲಕ್ಕೆ ಮರಳಿದಳು. "ಬಂದೆಯಾ ಅಕ್ಕ? ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು" ಎಂದು ನರಿಯಪ್ಪ ಮಲಗಿದಲ್ಲೇ ನಕ್ಕ. ಅವಳು ಬೆನ್ನು ತಿರುಗಿಸಿ, ಮುಳ್ಳೆಲ್ಲ ನಿಗುರಿಸಿ, ಮೈಯ ಬಲವನ್ನೆಲ್ಲ ಹಾಕಿ ಹಿಂದಕ್ಕೆ ನುಗ್ಗಿದಳು. ಇಕ್ಕಟ್ಟಿನ ಬಿಲದಲ್ಲಿ ಅವನಿಗೆ ಓಡಲು ದಾರಿಯಿರಲಿಲ್ಲ. ಗಂಟಲಿಗೆ ಚುಚ್ಚಿದ ಮುಳ್ಳುಗಳೊಂದಿಗೆ ಹೇಗೋ ಹೊರಬಿದ್ದು, ಹಳ್ಳದ ದಂಡೆಯಲ್ಲಿ ಸತ್ತ.

"ಗುಣವಂತೆ ಅಂದುಕೊಂಡಿದ್ದೆವು, ಎಂಥ ಕ್ರೂರಿ" ಎಂದು ಕಾಡೆಲ್ಲ ಆಡಿಕೊಂಡಿತು. ಚಿಕ್ಕ ಮರಿಯ ಮಾತನ್ನು ಯಾರೂ ಎತ್ತಲಿಲ್ಲ. ಕಂಟಿ ಆ ಎಳೆಯ ಮುಳ್ಳುಗಳನ್ನು ಒಂದೊಂದಾಗಿ ಆಯ್ದು ಬಂಡೆಯ ಬುಡದಲ್ಲಿ ಹೂತಳು. ಆಮೇಲೆ ಉಳಿದ ಮರಿಯನ್ನು ಬಿದಿರುಮೆಳೆಯಿಂದ ಕರೆತಂದು ಒಂದು ಮಗ್ಗುಲಿಗೆ ಹಾಕಿಕೊಂಡು ಮಲಗಿದಳು. ಇನ್ನೊಂದು ಮಗ್ಗುಲು ತಣ್ಣಗಿತ್ತು.

ನೀತಿ: ಕೇಡನ್ನು ಸಹಿಸುವುದು ಗುಣವಲ್ಲ, ನಿನ್ನನ್ನು ಗುಣವಂತ ಎಂದು ಹೊಗಳುವವನಿಗೆ ಅದರಿಂದ ಏನು ಲಾಭ ಎಂಬುದನ್ನು ಮೊದಲು ನೋಡು.